ಐದನೇ ಕ್ಲಾಸಿನ ಮಗುವಿಗೆ ಬೋರ್ಡ್ ಪರೀಕ್ಷೆ ಯಾಕೆ?

2024ರ ಮಾರ್ಚ್ 11ರಂದು ಕರ್ನಾಟಕದ 5, 8 ಮತ್ತು 9ನೇ ತರಗತಿಯ ಮಕ್ಕಳು ಬೋರ್ಡ್ ಪರೀಕ್ಷೆ ಬರೆಯಲು ಕೂತರು. ಅದಕ್ಕೂ ಮೊದಲು, ಮಾರ್ಚ್ 6ರಂದು, ಹೈಕೋರ್ಟಿನ ಏಕಸದಸ್ಯ ಪೀಠ ಈ ಪರೀಕ್ಷೆಯನ್ನೇ ರದ್ದು ಮಾಡಿತ್ತು. ಮರುದಿನ ವಿಭಾಗೀಯ ಪೀಠ ಆ ಆದೇಶಕ್ಕೆ ತಡೆ ಕೊಟ್ಟಿತು. ಪರೀಕ್ಷೆ ಶುರುವಾದ ಮಾರನೇ ದಿನವೇ ಸುಪ್ರೀಂ ಕೋರ್ಟ್ ಆ ತಡೆಯನ್ನು ತೆಗೆದುಹಾಕಿತು. ಉಳಿದ ಪೇಪರ್‌ಗಳು ಅಲ್ಲಿಗೇ ನಿಂತವು. ಮಾರ್ಚ್ 22ಕ್ಕೆ ವಿಭಾಗೀಯ ಪೀಠ ಪರೀಕ್ಷೆ ನಡೆಸಬಹುದು ಎಂದಿತು. 25ರಿಂದ ಮತ್ತೆ ಪರೀಕ್ಷೆ. ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಮತ್ತೆ ಮಧ್ಯೆ ಬಂದು, ಫಲಿತಾಂಶ ಪ್ರಕಟಿಸಬೇಡಿ ಎಂದಿತು.

ಹಿಂದಿನ ವರ್ಷವೂ ಹೀಗೇ ಆಗಿತ್ತು. 2023ರ ಮಾರ್ಚ್ 10ರಂದು ಏಕಸದಸ್ಯ ಪೀಠ 5 ಮತ್ತು 8ನೇ ತರಗತಿಯ ಬೋರ್ಡ್ ಪರೀಕ್ಷೆಯನ್ನು ರದ್ದು ಮಾಡಿತು, 15ಕ್ಕೆ ವಿಭಾಗೀಯ ಪೀಠ ತಡೆ ಕೊಟ್ಟಿತು, 27ಕ್ಕೆ ಪರೀಕ್ಷೆ ಶುರುವಾಯಿತು. ಆಗ ಇದ್ದದ್ದು ಬಿಜೆಪಿ ಸರ್ಕಾರ. 2024ರಲ್ಲಿ ಇದ್ದದ್ದು ಕಾಂಗ್ರೆಸ್. ಅದಕ್ಕೂ ಮೊದಲು, 2019ರ ಡಿಸೆಂಬರಿನಲ್ಲಿ, ಆಗಿನ ಶಿಕ್ಷಣ ಸಚಿವ ಸುರೇಶ್ ಕುಮಾರ್ ಏಳನೇ ತರಗತಿಗೆ ಪಬ್ಲಿಕ್ ಪರೀಕ್ಷೆ ತರುತ್ತೇವೆ ಎಂದಿದ್ದರು. ಅಂದರೆ ಇದು ಒಂದು ಪಕ್ಷದ ಹಟ ಅಲ್ಲ. ಯಾರು ಅಧಿಕಾರಕ್ಕೆ ಬಂದರೂ ಶಿಕ್ಷಣ ಇಲಾಖೆಯ ಕೈ ಅದೇ ಕಡೆಗೆ ಹೋಗುತ್ತದೆ: ಮಕ್ಕಳು ಕಲಿಯುತ್ತಿಲ್ಲ, ಹಾಗಾಗಿ ಇನ್ನೊಂದು ಪರೀಕ್ಷೆ ಇಡೋಣ.

ಕೋರ್ಟಿನಲ್ಲಿ ನಡೆದದ್ದು ಹೆಚ್ಚಾಗಿ ವಿಧಾನದ ಜಗಳ. ಸರ್ಕಾರ ಸರಿಯಾದ ಕ್ರಮದಲ್ಲಿ ನಿಯಮ ಮಾಡಿ, ಅದನ್ನು ಶಾಸನಸಭೆಯ ಮುಂದಿಟ್ಟಿತೇ, ಸುಮ್ನೆ ಅಧಿಸೂಚನೆ ಹೊರಡಿಸಿತೇ ಎಂಬುದು. ಆ ಪ್ರಶ್ನೆ ವಕೀಲರಿಗೆ ಇರಲಿ. ನನ್ನ ಪ್ರಶ್ನೆ ಬೇರೆ. ನಿಯಮ ಸರಿಯಾಗಿಯೇ ಮಾಡಿದ್ದರೂ ಈ ಪರೀಕ್ಷೆಯಿಂದ ಯಾವ ಮಗುವಿಗೆ ಏನು ಸಿಗುತ್ತಿತ್ತು?

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. 2010ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವೂ ಬೋರ್ಡ್ ಪರೀಕ್ಷೆ ಪಾಸಾಗಬೇಕಿಲ್ಲ. 29ನೇ ಸೆಕ್ಷನ್ ಹೇಳುವುದು ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದ ಬಗ್ಗೆ, ಅಂದರೆ ಮಗು ಕಲಿಯುತ್ತಾ ಹೋದಂತೆ ಶಿಕ್ಷಕರೇ ಗಮನಿಸುತ್ತಾ ಹೋಗುವುದು. 2019ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. 5 ಮತ್ತು 8ನೇ ತರಗತಿಯ ಕೊನೆಯಲ್ಲಿ ಪರೀಕ್ಷೆ ಇಡಬೇಕು, ಫೇಲಾದವರಿಗೆ ಹೆಚ್ಚುವರಿ ಪಾಠ ಹೇಳಿ ಎರಡು ತಿಂಗಳೊಳಗೆ ಮತ್ತೆ ಪರೀಕ್ಷೆ ಕೊಡಬೇಕು, ಆಮೇಲೂ ಆಗದಿದ್ದರೆ ಅದೇ ತರಗತಿಯಲ್ಲಿ ಕೂರಿಸಬೇಕೋ ಬೇಡವೋ ಎಂಬುದು ಸರ್ಕಾರಕ್ಕೆ ಬಿಟ್ಟದ್ದು. 2024ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ತನ್ನ ಕೈಕೆಳಗಿನ ಕೇಂದ್ರೀಯ ವಿದ್ಯಾಲಯ, ನವೋದಯದಂಥ ಶಾಲೆಗಳಲ್ಲಿ ಫೇಲ್ ಮಾಡುವುದಕ್ಕೆ ದಾರಿ ತೆರೆಯಿತು. ತಮಿಳುನಾಡು ನಮ್ಮಲ್ಲಿ ಅದು ಬೇಡ ಎಂದಿತು.

ಕರ್ನಾಟಕ ನಡುದಾರಿ ಹಿಡಿಯಿತು. ಬೋರ್ಡ್ ಪರೀಕ್ಷೆ ಇರುತ್ತದೆ, ಆದರೆ ಯಾರನ್ನೂ ಫೇಲ್ ಮಾಡುವುದಿಲ್ಲ. ಪ್ರಶ್ನೆಪತ್ರಿಕೆ ಬೆಂಗಳೂರಿನ ಮಂಡಳಿಯಿಂದ ಬರುತ್ತದೆ. ಉತ್ತರಪತ್ರಿಕೆಯನ್ನು ಬೇರೆ ಶಾಲೆಯವರು ತಿದ್ದುತ್ತಾರೆ. ಕೇಳಲು ಮೃದುವಾಗಿದೆ, ಅಲ್ವಾ? ಫೇಲ್ ಇಲ್ಲ ಅಂದಮೇಲೆ ತೊಂದರೆ ಏನು ಎಂದು ಬಹಳ ಪೋಷಕರು ಕೇಳಿದರು. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಬೇಕಾದರೆ ಈ ಪರೀಕ್ಷೆಯಿಂದ ಏನು ಗೊತ್ತಾಗುತ್ತದೆ, ಯಾವಾಗ ಗೊತ್ತಾಗುತ್ತದೆ, ಯಾರಿಗೆ ಗೊತ್ತಾಗುತ್ತದೆ ಎಂದು ಒಂದೊಂದಾಗಿ ನೋಡಬೇಕು.

ಯಾವಾಗ ಎಂಬುದರಿಂದ ಶುರು ಮಾಡುತ್ತೇನೆ. ಪರೀಕ್ಷೆ ಮಾರ್ಚ್ ಕೊನೆಗೆ ಮುಗಿಯುತ್ತದೆ. ಏಪ್ರಿಲ್ ಎರಡನೇ ವಾರದ ಹೊತ್ತಿಗೆ ಬೇಸಿಗೆ ರಜೆ. ಅಂಕ ಕೈಗೆ ಬರುವಷ್ಟರಲ್ಲಿ ಆ ವರ್ಷದ ಪಾಠ ಮುಗಿದಿರುತ್ತದೆ. ನಮ್ಮ ಹಳ್ಳಿಗಳಲ್ಲಿ ಎಷ್ಟೋ ಸರ್ಕಾರಿ ಶಾಲೆಗಳು ಐದನೇ ತರಗತಿಗೇ ಮುಗಿಯುತ್ತವೆ. ಅಲ್ಲಿಂದ ಮಗು ಪಕ್ಕದೂರಿನ ಹಿರಿಯ ಪ್ರಾಥಮಿಕ ಶಾಲೆಗೆ ಹೋಗಬೇಕು. ಅಂದರೆ ಗಣಿತದಲ್ಲಿ ಹಿಂದೆ ಬಿದ್ದ ಮಗುವಿನ ಅಂಕಪಟ್ಟಿ ತಲುಪುವುದು ಇನ್ನು ಮುಂದೆ ಆ ಮಗುವಿಗೆ ಪಾಠ ಹೇಳದ ಶಿಕ್ಷಕರಿಗೆ. ಜೂನ್‌ನಲ್ಲಿ ಹೊಸ ಶಾಲೆಯ ಮೇಡಂ ಮುಂದೆ ಆ ಮಗು ಬಂದು ಕೂತಾಗ ಅವರ ಕೈಯಲ್ಲಿರುವುದು ಒಂದು ಅಂಕಿ ಅಷ್ಟೇ.

ಆ ಅಂಕಿಯಾದರೂ ಏನು ಹೇಳುತ್ತದೆ? ಹಳ್ಳಿ ಮಕ್ಕಳ ಓದು, ಲೆಕ್ಕ ಎಷ್ಟು ಬರುತ್ತದೆ ಎಂದು ನೋಡುವ ಅಸರ್ ಸಮೀಕ್ಷೆಯ 2024ರ ವರದಿ ಪ್ರಕಾರ ದೇಶದ ಗ್ರಾಮೀಣ ಸರ್ಕಾರಿ ಶಾಲೆಗಳಲ್ಲಿ ಐದನೇ ತರಗತಿಯಲ್ಲಿರುವ ಮಕ್ಕಳ ಪೈಕಿ ಎರಡನೇ ತರಗತಿಯ ಪಾಠವನ್ನು ಓದಬಲ್ಲವರು ಶೇ 44.8. ಉಳಿದ ಅರ್ಧಕ್ಕೂ ಜಾಸ್ತಿ ಮಕ್ಕಳ ಮುಂದೆ ಐದನೇ ತರಗತಿಯ ಮಟ್ಟದ ಪ್ರಶ್ನೆಪತ್ರಿಕೆ ಇಟ್ಟರೆ ಏನಾಗುತ್ತದೆ ಯೋಚಿಸಿ. ಒಬ್ಬಳಿಗೆ ಒತ್ತಕ್ಷರ ಬಂದಲ್ಲಿ ಓದು ನಿಲ್ಲುತ್ತದೆ. ಇನ್ನೊಬ್ಬನಿಗೆ ಕಾಗುಣಿತವೇ ಗಟ್ಟಿಯಾಗಿಲ್ಲ. ಮತ್ತೊಬ್ಬಳು ಪದ ಓದುತ್ತಾಳೆ, ವಾಕ್ಯದ ಅರ್ಥ ಹಿಡಿಯಲಾರಳು. ಮೂವರ ಉತ್ತರಪತ್ರಿಕೆಯೂ ಹೆಚ್ಚುಕಡಿಮೆ ಖಾಲಿ. ಮೂವರಿಗೂ ಬರುವುದು ಹೆಚ್ಚುಕಡಿಮೆ ಅದೇ ಅಂಕ. ಮೂವರಿಗೆ ಬೇಕಾದ ಸಹಾಯ ಮಾತ್ರ ಪೂರ್ತಿ ಬೇರೆ ಬೇರೆ. ಯಾರಿಗೆ ಪರೀಕ್ಷೆಯಿಂದ ಉಪಕಾರವಾಗಬೇಕು ಅಂತ ಹೇಳಲಾಗುತ್ತದೋ, ಅವರ ಬಗ್ಗೆಯೇ ಆ ಪ್ರಶ್ನೆಪತ್ರಿಕೆ ಏನೂ ಹೇಳುವುದಿಲ್ಲ.

ಅದೇ ಅಸರ್‌ನವರು ಏನು ಮಾಡುತ್ತಾರೆ? ಮನೆಗೆ ಹೋಗಿ ಮಗುವಿನ ಪಕ್ಕ ಕೂರುತ್ತಾರೆ. ಒಂದು ಹಾಳೆಯಲ್ಲಿ ಅಕ್ಷರ, ಪದ, ಸಣ್ಣ ಪ್ಯಾರಾ, ಸಣ್ಣ ಕಥೆ ಇರುತ್ತದೆ. ಓದು ಎನ್ನುತ್ತಾರೆ. ಕೆಲವೇ ನಿಮಿಷದಲ್ಲಿ ಮಗು ಎಲ್ಲಿ ನಿಲ್ಲುತ್ತದೆ ಎಂಬುದು ಗೊತ್ತಾಗುತ್ತದೆ. ಇದಕ್ಕೆ ಮಂಡಳಿ ಬೇಡ, ಸೀಲ್ ಮಾಡಿದ ಬಂಡಲ್ ಬೇಡ, ಮೌಲ್ಯಮಾಪನ ಕೇಂದ್ರ ಬೇಡ.

ಸರ್ಕಾರ ಕೊಡುವ ಇನ್ನೊಂದು ಕಾರಣ: ರಾಜ್ಯದ ಒಟ್ಟು ಕಲಿಕೆಯ ಮಟ್ಟ ತಿಳಿಯಬೇಕು, ಯಾವ ಜಿಲ್ಲೆ ಹಿಂದಿದೆ ಎಂದು ಗೊತ್ತಾಗಬೇಕು. ಇದು ಒಳ್ಳೆಯ ಉದ್ದೇಶವೇ. ಆದರೆ ಅನ್ನ ಬೆಂದಿದೆಯಾ ಎಂದು ನೋಡಲು ನಾಲ್ಕು ಅಗುಳು ಹಿಸುಕಿದರೆ ಸಾಕು, ಪಾತ್ರೆಯ ಅಷ್ಟೂ ಅನ್ನವನ್ನು ಹಿಸುಕಬೇಕಿಲ್ಲ. ಮಕ್ಕಳ ವಿಷಯದಲ್ಲಿ ಒಂದು ಎಚ್ಚರ ಬೇಕು. ಪಾತ್ರೆಯಲ್ಲಿ ಎಲ್ಲ ಕಡೆಯೂ ಒಂದೇ ಹದ ಇರುತ್ತದೆ, ಶಾಲೆಗಳಲ್ಲಿ ಹಾಗಿಲ್ಲ. ಹಾಗಾಗಿ ಪ್ರತಿ ಜಿಲ್ಲೆಯಿಂದ, ಊರು ಪೇಟೆ ಎರಡರಿಂದ, ಸರ್ಕಾರಿ ಖಾಸಗಿ ಎರಡರಿಂದ, ಎಲ್ಲ ಸಮುದಾಯಗಳಿಂದ ಮಕ್ಕಳನ್ನು ಆರಿಸಬೇಕು. ಇದನ್ನು ಮಾಡುವ ಕ್ರಮ ನಮ್ಮ ದೇಶದಲ್ಲಿ ಈಗಾಗಲೇ ಇದೆ. 2024ರ ಡಿಸೆಂಬರ್ 4ರಂದು ನಡೆದ ಪರಖ್ ರಾಷ್ಟ್ರೀಯ ಸರ್ವೇಕ್ಷಣ 3, 6 ಮತ್ತು 9ನೇ ತರಗತಿಯ ಸುಮಾರು 21 ಲಕ್ಷ ಮಕ್ಕಳನ್ನು, 74 ಸಾವಿರಕ್ಕೂ ಹೆಚ್ಚು ಶಾಲೆಗಳಿಂದ ಆರಿಸಿಕೊಂಡು 781 ಜಿಲ್ಲೆಗಳ ಚಿತ್ರ ಕೊಟ್ಟಿತು. ಯಾವ ಮಗುವಿನ ಹೆಸರಿಗೂ ಅಂಕ ಅಂಟಲಿಲ್ಲ. ಯಾವ ಶಿಕ್ಷಕರಿಗೂ ನೋಟಿಸ್ ಹೋಗುವ ಪ್ರಶ್ನೆ ಇರಲಿಲ್ಲ. ಹಾಗಾಗಿ ಸುಳ್ಳು ಹೇಳುವ ಒತ್ತಡವೂ ಕಡಿಮೆ.

ಈ ಕೊನೆಯ ಮಾತು ಬಹಳ ಮುಖ್ಯ. ಎಸ್ಸೆಸ್ಸೆಲ್ಸಿಯ ಕಥೆಯನ್ನೇ ನೋಡಿ. 2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು, ಕ್ಯಾಮೆರಾ ಕಣ್ಣಿಟ್ಟಿತು. ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. ಒಂದು ವರ್ಷದಲ್ಲಿ ರಾಜ್ಯದ ಮಕ್ಕಳ ಬುದ್ಧಿ ಅಷ್ಟು ಕುಸಿಯಿತೇ? ಖಂಡಿತ ಇಲ್ಲ. ಅಲ್ಲಿಯವರೆಗೆ ನಾವು ಕಲಿಕೆ ಎಂದು ಓದುತ್ತಿದ್ದ ಅಂಕಿಯಲ್ಲಿ ಬೇರೆ ಏನೇನೋ ಬೆರೆತಿತ್ತು. ಫಲಿತಾಂಶ ಇಳಿದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಿಂದ ಫೋನ್ ಬರುತ್ತದೆ, ಕಾರಣ ಕೇಳಿ ನೋಟಿಸ್ ಬರುತ್ತದೆ, ಜಿಲ್ಲೆಯ ಸ್ಥಾನ ಪತ್ರಿಕೆಯ ಮುಖಪುಟಕ್ಕೆ ಬರುತ್ತದೆ. ಅಂಥ ಕಡೆ ಅಂಕಿಯನ್ನು ಮೇಲೆತ್ತುವ ದಾರಿಗಳು ಹುಟ್ಟಿಕೊಳ್ಳುತ್ತವೆ. ಅಮೆರಿಕದ ಸಮಾಜ ವಿಜ್ಞಾನಿ ಡೊನಾಲ್ಡ್ ಕ್ಯಾಂಪ್‌ಬೆಲ್ 1970ರ ದಶಕದಲ್ಲೇ ಇದನ್ನು ಒಂದು ನಿಯಮವಾಗಿ ಹೇಳಿದ್ದರು: ಯಾವ ಅಂಕಿಯನ್ನು ಹಿಡಿದು ಬಹುಮಾನ, ಶಿಕ್ಷೆ ನಿರ್ಧರಿಸುತ್ತೀರೋ, ಆ ಅಂಕಿ ಕೆಡುತ್ತದೆ, ಅದು ಅಳೆಯುವ ಕೆಲಸವೂ ಕೆಡುತ್ತದೆ.

ಇಲ್ಲಿ ಕದ್ದು ಬರೆಯುವುದರ ಬಗ್ಗೆ ಮಾತ್ರ ಹೇಳುತ್ತಿಲ್ಲ. ಪ್ರಾಮಾಣಿಕವಾಗಿ ದುಡಿಯುವ ಶಿಕ್ಷಕರ ಪಾಠವೂ ಬದಲಾಗುತ್ತದೆ. ನಮ್ಮ ಹೈಸ್ಕೂಲುಗಳಲ್ಲಿ ಪಾಸಿಂಗ್ ಪ್ಯಾಕೇಜ್ ಎಂಬ ಮಾತಿದೆ. ಜನವರಿ ಬಂತೆಂದರೆ ಹಿಂದುಳಿದ ಮಕ್ಕಳನ್ನು ಬೇರೆ ಕೂರಿಸಿ, ಪಾಸಾಗಲು ಎಷ್ಟು ಬೇಕೋ ಅಷ್ಟನ್ನು ಅರೆದು ಕುಡಿಸುವುದು. ವಿಜ್ಞಾನದಲ್ಲಿ ಒಂದಿಷ್ಟು ಚಿತ್ರ, ಗಣಿತದಲ್ಲಿ ಒಂದೆರಡು ಪ್ರಮೇಯ, ಸಮಾಜದಲ್ಲಿ ಭೂಪಟ, ಕನ್ನಡದಲ್ಲಿ ಕಂಠಪಾಠದ ಪದ್ಯ. ಇದನ್ನು ಮಾಡುವ ಶಿಕ್ಷಕರನ್ನು ನಾನು ದೂರುವುದಿಲ್ಲ. ಹತ್ತನೇ ತರಗತಿ ಫೇಲಾದ ಹಳ್ಳಿಯ ಹುಡುಗಿಗೆ ಮದುವೆಯ ಮಾತು ಶುರುವಾಗುತ್ತದೆ ಎಂಬುದು ಅವರಿಗೆ ಗೊತ್ತು. ಹೇಗಾದರೂ ದಡ ಸೇರಿಸಬೇಕು ಎಂಬ ಕಾಳಜಿಯಿಂದ ಮಾಡುತ್ತಾರೆ. ಆದರೆ ಬೋರ್ಡ್ ಪರೀಕ್ಷೆ ಐದನೇ ತರಗತಿಗೆ ಇಳಿದರೆ ಪಾಸಿಂಗ್ ಪ್ಯಾಕೇಜೂ ಅಲ್ಲಿಗೆ ಇಳಿಯುತ್ತದೆ. ಕಥೆ ಪುಸ್ತಕ ಓದಬೇಕಾದ, ಊರ ಕೆರೆ ನೋಡಿ ಬರಬೇಕಾದ, ತಪ್ಪುತಪ್ಪಾಗಿ ಬರೆದು ಬರೆದೇ ಬರವಣಿಗೆ ಕಲಿಯಬೇಕಾದ ವಯಸ್ಸಿನಲ್ಲಿ ಮಗು ಮಾದರಿ ಪ್ರಶ್ನೆಪತ್ರಿಕೆ ಬಿಡಿಸುತ್ತಾ ಕೂರುತ್ತದೆ.

ಹತ್ತನೇ ತರಗತಿಯ ಭಯ ಹೋಗಲಿ ಎಂದು ಐದರಲ್ಲೇ ಅಭ್ಯಾಸ ಮಾಡಿಸುತ್ತೇವೆ ಎಂಬ ವಾದವೂ ಇದೆ. ಎಸ್ಸೆಸ್ಸೆಲ್ಸಿಯಲ್ಲಿ ಮಕ್ಕಳು ಎಡವುವುದು ಪರೀಕ್ಷಾ ಕೊಠಡಿ ಹೊಸದು ಎಂಬ ಕಾರಣಕ್ಕಲ್ಲ. ಪ್ರಶ್ನೆ ಓದಿ ಅರ್ಥ ಮಾಡಿಕೊಳ್ಳುವಷ್ಟು ಓದು ಬಂದಿಲ್ಲ, ಭಿನ್ನರಾಶಿ ಗಟ್ಟಿಯಾಗಿಲ್ಲ. ಅದನ್ನು ಸರಿ ಮಾಡುವುದು ಪಾಠ.

ಅಮೆರಿಕ ಕಲಿತದ್ದು

ಎಲ್ಲ ಮಕ್ಕಳಿಗೂ ಒಂದೇ ಪರೀಕ್ಷೆ, ಅದರ ಮೇಲೆ ಶಾಲೆಯ ಭವಿಷ್ಯ ಎಂಬ ಪ್ರಯೋಗವನ್ನು ದೊಡ್ಡ ಮಟ್ಟದಲ್ಲಿ ಮಾಡಿದ ದೇಶ ಅಮೆರಿಕ. 2002ರ ಜನವರಿಯಲ್ಲಿ ಅಧ್ಯಕ್ಷ ಜಾರ್ಜ್ ಬುಷ್ 'ನೋ ಚೈಲ್ಡ್ ಲೆಫ್ಟ್ ಬಿಹೈಂಡ್' ಕಾಯ್ದೆಗೆ ಸಹಿ ಹಾಕಿದರು. ಮೂರರಿಂದ ಎಂಟನೇ ತರಗತಿಯವರೆಗೆ ಪ್ರತಿ ವರ್ಷ ಓದು ಮತ್ತು ಗಣಿತದ ಪರೀಕ್ಷೆ. 2014ರೊಳಗೆ ಎಲ್ಲ ಮಕ್ಕಳೂ ನಿಗದಿತ ಮಟ್ಟ ಮುಟ್ಟಬೇಕು. ಗುರಿ ತಪ್ಪುತ್ತಾ ಹೋದ ಶಾಲೆಗೆ ಹಂತಹಂತವಾಗಿ ಶಿಕ್ಷೆ, ಕೊನೆಗೆ ಸಿಬ್ಬಂದಿ ಬದಲು ಅಥವಾ ಶಾಲೆಯ ಆಡಳಿತವೇ ಬದಲು.

2014 ಬಂತು, ಗುರಿ ಯಾವ ರಾಜ್ಯಕ್ಕೂ ಸಿಗಲಿಲ್ಲ. ಈ ಮಧ್ಯೆ ಆದ ನಷ್ಟ ಕಣ್ಣಿಗೆ ಕಾಣುವಂಥದ್ದು. 2007ರ ಒಂದು ಸಮೀಕ್ಷೆಯಲ್ಲಿ ಶೇ 44ರಷ್ಟು ಶಾಲಾ ಜಿಲ್ಲೆಗಳು ಪ್ರಾಥಮಿಕ ತರಗತಿಗಳಲ್ಲಿ ವಿಜ್ಞಾನ, ಸಮಾಜ, ಕಲೆ, ಸಂಗೀತ, ಆಟದಂಥ ವಿಷಯಗಳ ಸಮಯ ಕಡಿತ ಮಾಡಿದ್ದೇವೆ ಎಂದು ಒಪ್ಪಿಕೊಂಡವು. ಅಟ್ಲಾಂಟಾ ನಗರದಲ್ಲಿ ಶಿಕ್ಷಕರೇ ಮಕ್ಕಳ ಉತ್ತರಗಳನ್ನು ಅಳಿಸಿ ತಿದ್ದಿದ್ದು ಬಯಲಾಯಿತು. 2011ರ ತನಿಖಾ ವರದಿ 44 ಶಾಲೆಗಳ 178 ಶಿಕ್ಷಕರು ಮತ್ತು ಮುಖ್ಯಸ್ಥರನ್ನು ಹೆಸರಿಸಿತು. 2015ರಲ್ಲಿ 11 ಜನರನ್ನು ನ್ಯಾಯಾಲಯ ಅಪರಾಧಿಗಳು ಎಂದಿತು. ಅದೇ ವರ್ಷ ದೊಡ್ಡ ನಗರಗಳ ಶಾಲೆಗಳ ಒಕ್ಕೂಟ ಲೆಕ್ಕ ಹಾಕಿದಾಗ, ಶಿಶುವಿಹಾರದಿಂದ ಹನ್ನೆರಡನೇ ತರಗತಿ ಮುಗಿಸುವಷ್ಟರಲ್ಲಿ ಒಂದು ಮಗು ಸರಾಸರಿ 112 ಕಡ್ಡಾಯ ಪರೀಕ್ಷೆ ಬರೆಯುತ್ತದೆ ಎಂದು ತಿಳಿಯಿತು. ಆಗ ಒಬಾಮಾ ಸರ್ಕಾರವೇ, ಪರೀಕ್ಷೆಗಳು ತರಗತಿಯ ಸಮಯದಲ್ಲಿ ಶೇ 2ಕ್ಕಿಂತ ಹೆಚ್ಚು ನುಂಗಬಾರದು ಎಂದು ರಾಜ್ಯಗಳಿಗೆ ಹೇಳಿತು. 2015ರ ಡಿಸೆಂಬರಿನಲ್ಲಿ ಬಂದ ಹೊಸ ಕಾಯ್ದೆ ಪರೀಕ್ಷೆಗಳನ್ನು ಉಳಿಸಿಕೊಂಡಿತು, ಆದರೆ ಶಿಕ್ಷೆಯ ಹಿಡಿತ ಸಡಿಲ ಮಾಡಿತು. 2024ರ ನವೆಂಬರಿನಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು ಹೈಸ್ಕೂಲು ಪದವಿಗೆ ರಾಜ್ಯ ಪರೀಕ್ಷೆ ಪಾಸಾಗಬೇಕು ಎಂಬ ಷರತ್ತನ್ನು ಮತ ಹಾಕಿ ತೆಗೆದುಹಾಕಿದರು.

ಇನ್ನೊಂದು ಕಡೆಯ ಮಾತನ್ನೂ ಹೇಳಬೇಕು, ಯಾಕೆಂದರೆ ಅದು ಹಗುರ ಮಾತಲ್ಲ. 2002ರ ಆ ಕಾಯ್ದೆ ಬರುವ ಮೊದಲು ಅಮೆರಿಕದ ಎಷ್ಟೋ ಶಾಲೆಗಳು ಸರಾಸರಿಯ ಹಿಂದೆ ಅಡಗಿಕೊಂಡಿದ್ದವು. ಕಪ್ಪು ಜನಾಂಗದ, ಲ್ಯಾಟಿನೊ ಸಮುದಾಯದ, ಅಂಗವೈಕಲ್ಯ ಇರುವ ಮಕ್ಕಳ ಫಲಿತಾಂಶವನ್ನು ಬೇರೆ ಬೇರೆಯಾಗಿ ತೋರಿಸಿ ಎಂದು ಕಾಯ್ದೆ ಹೇಳಿದ ಮೇಲೆ ಅವರ ಪರಿಸ್ಥಿತಿ ಎಲ್ಲರಿಗೂ ಕಾಣಿಸಿತು. ಅದಕ್ಕೇ 2015ರಲ್ಲಿ ಪರೀಕ್ಷೆ ಕೈಬಿಡಬೇಡಿ ಎಂದು ಕೇಳಿದವರಲ್ಲಿ ನಾಗರಿಕ ಹಕ್ಕು ಸಂಘಟನೆಗಳೂ ಇದ್ದವು. ನಮ್ಮಲ್ಲೂ ದಲಿತ, ಆದಿವಾಸಿ ಮಕ್ಕಳ, ಗುಳೆ ಹೋಗುವ ಕುಟುಂಬಗಳ ಮಕ್ಕಳ ಕಲಿಕೆ ಎಲ್ಲಿದೆ ಎಂಬುದು ಕಾಣಲೇಬೇಕು. ಅದನ್ನು ಮುಚ್ಚಿಟ್ಟು ಪರೀಕ್ಷೆ ಬೇಡ ಎಂದರೆ ನಷ್ಟ ಆಗುವುದು ಅವರಿಗೇ. ಆದರೆ ಚೆನ್ನಾಗಿ ಆರಿಸಿದ ಸ್ಯಾಂಪಲ್ ಸಮೀಕ್ಷೆಯಲ್ಲಿ ಈ ವಿಂಗಡಣೆಯನ್ನೂ ಮಾಡಬಹುದು. ಅಮೆರಿಕವೇ 1969ರಿಂದ ಇಂಥ ಒಂದು ಸಮೀಕ್ಷೆ ನಡೆಸುತ್ತಿದೆ. ರಾಜ್ಯಗಳ ಪರೀಕ್ಷೆಯ ಅಂಕಿಗಳ ಮೇಲೆ ಅನುಮಾನ ಬಂದಾಗಲೆಲ್ಲ ಅಲ್ಲಿನ ಸಂಶೋಧಕರು ತಿರುಗಿ ನೋಡುವುದು ಅದನ್ನೇ.

ಗೊತ್ತಿರುವುದನ್ನು ಮತ್ತೆ ಅಳೆಯುವುದು

2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ಶೇ 94ರೊಂದಿಗೆ ಮೊದಲ ಸ್ಥಾನ, ಯಾದಗಿರಿ ಶೇ 50.59ರೊಂದಿಗೆ ಕೊನೆ. ಈ ಕ್ರಮ ಹೊಸದೇನಲ್ಲ. ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಪಟ್ಟಿಯ ಕೆಳಗೆ ಇರುವುದನ್ನು ವರ್ಷಗಳಿಂದ ನೋಡುತ್ತಿದ್ದೇವೆ. ಅಲ್ಲಿ ಶಿಕ್ಷಕರ ಹುದ್ದೆಗಳು ಖಾಲಿ ಬಿದ್ದಿರುತ್ತವೆ. ಸುಗ್ಗಿ ಮುಗಿದ ಮೇಲೆ ಅಪ್ಪ ಅಮ್ಮನ ಜೊತೆ ಮಕ್ಕಳೂ ಗುಳೆ ಹೋಗುತ್ತಾರೆ, ತಿಂಗಳುಗಟ್ಟಲೆ ಶಾಲೆ ತಪ್ಪುತ್ತದೆ. ಈ ಕಾರಣಗಳು ಇಲಾಖೆಗೆ ಗೊತ್ತಿಲ್ಲದವಲ್ಲ. ಯಾದಗಿರಿಯ ಐದನೇ ತರಗತಿಯ ಮಗುವಿಗೆ ಬೋರ್ಡ್ ಪರೀಕ್ಷೆ ಕೊಟ್ಟರೆ, ಹತ್ತನೇ ತರಗತಿಯಲ್ಲಿ ಗೊತ್ತಾಗುತ್ತಿದ್ದ ಅದೇ ವಿಷಯ ಐದು ವರ್ಷ ಮೊದಲು ಮತ್ತೊಮ್ಮೆ ಗೊತ್ತಾಗುತ್ತದೆ. ಗೊತ್ತಾದ ಮೇಲೆ ಅಲ್ಲಿಗೆ ಶಿಕ್ಷಕರು ಹೋಗುತ್ತಾರಾ? ಅದಕ್ಕೆ ಬೇರೆ ತೀರ್ಮಾನ ಬೇಕು, ಬೇರೆ ದುಡ್ಡು ಬೇಕು.

ಶಿಕ್ಷಕರ ಸಮಯದ ಲೆಕ್ಕವನ್ನೂ ನೋಡಿ. ನಮ್ಮಲ್ಲಿ ವರ್ಷಕ್ಕೆ ನಾಲ್ಕು ಎಫ್‌ಎ (ನಡುನಡುವಿನ ರೂಪಣಾತ್ಮಕ ಮೌಲ್ಯಮಾಪನ), ಎರಡು ಎಸ್‌ಎ (ಅವಧಿಯ ಕೊನೆಯ ಸಂಕಲನಾತ್ಮಕ ಮೌಲ್ಯಮಾಪನ) ಪದ್ಧತಿ ಬೆಳೆದು ಬಂದಿದೆ. ಆರನೇ ತರಗತಿಯಲ್ಲಿ ಮೂರು ಭಾಷೆ, ಗಣಿತ, ವಿಜ್ಞಾನ, ಸಮಾಜ ಸೇರಿ ಆರು ವಿಷಯ. ಮೂವತ್ತು ಮಕ್ಕಳಿದ್ದರೆ ಒಂದೇ ತರಗತಿಗೆ ವರ್ಷಕ್ಕೆ 1,080 ಅಂಕ ನಮೂದಿಸಬೇಕು. ಎರಡು ಮೂರು ತರಗತಿಗಳನ್ನು ಒಟ್ಟಿಗೆ ಕೂರಿಸಿಕೊಂಡು ಪಾಠ ಮಾಡುವ ಶಾಲೆಯಲ್ಲಿ ಈ ಕೆಲಸ ಒಬ್ಬರ ತಲೆ ಮೇಲೇ ಬೀಳುತ್ತದೆ. ಇದರ ಜೊತೆ ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ಚುನಾವಣೆ, ಗಣತಿ. 2025-26ರಲ್ಲಿ ಪಾಠ ಆಧಾರಿತ ಮೌಲ್ಯಾಂಕನ ಬಂತು. ಪಾಠ ಮುಗಿದ ಹಾಗೆ ಸಣ್ಣ ಟೆಸ್ಟ್ ಕೊಟ್ಟು ಮಗು ಎಲ್ಲಿದೆ ಎಂದು ನೋಡುವ ಯೋಚನೆ ನನ್ನ ಮಟ್ಟಿಗೆ ಸರಿಯಾದ ದಿಕ್ಕಿನದು. ತೊಂದರೆ ಇರುವುದು ಅದರ ಅಂಕಗಳೆಲ್ಲ ಮತ್ತೆ ಆನ್‌ಲೈನ್ ಸೇರಬೇಕು ಎಂಬಲ್ಲಿ. ಹೊರೆ ಜಾಸ್ತಿಯಾಯಿತು ಎಂದು ಶಿಕ್ಷಕರು ದನಿ ಎತ್ತಿದ್ದು ಅದಕ್ಕೇ. ಮಗುವಿಗಾಗಿ ಮಾಡಿದ ಟೆಸ್ಟಿನ ಅಂಕ ಮೇಲಧಿಕಾರಿಯ ಕಂಪ್ಯೂಟರಿಗೆ ಹೋಗುತ್ತದೆ ಎಂದ ಕ್ಷಣದಿಂದ, ಅಂಕ ಚೆನ್ನಾಗಿ ಕಾಣಬೇಕು ಎಂಬ ಒತ್ತಡ ಶುರುವಾಗುತ್ತದೆ.

ಹಾಗಾದರೆ ಪರೀಕ್ಷೆಯೇ ಇಲ್ಲದೆ ಮಗುವನ್ನು ಗಮನಿಸುವುದು ಸಾಧ್ಯವಾ? ಇದಕ್ಕೆ ಹೊರದೇಶಕ್ಕೆ ಹೋಗಬೇಕಿಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರೇ ಸೇರಿ ನಲಿ-ಕಲಿ ಶುರು ಮಾಡಿದರು. ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದು, ನಮ್ಮ ಪಠ್ಯಕ್ಕೆ ತಕ್ಕಂತೆ ಕಾರ್ಡುಗಳನ್ನು, ಕಲಿಕಾ ಏಣಿಯನ್ನು ಮಾಡಿಕೊಂಡರು. ಅಲ್ಲಿ ಮೌಲ್ಯಮಾಪನವೂ ಏಣಿಯ ಒಂದು ಮೆಟ್ಟಿಲು. ಕೆಲವು ಕಾರ್ಡ್ ಮುಗಿದ ಮೇಲೆ ಮಗು ಆ ಮೆಟ್ಟಿಲಿಗೆ ಬರುತ್ತದೆ. ಬಂದರೆ ಮುಂದೆ, ಬರದಿದ್ದರೆ ಇನ್ನೊಂದಿಷ್ಟು ಅಭ್ಯಾಸ, ಮತ್ತೆ ಪ್ರಯತ್ನ. ಪಕ್ಕದವಳು ಯಾವ ಮೆಟ್ಟಿಲಲ್ಲಿದ್ದಾಳೆ ಎಂಬುದರಿಂದ ಇವನಿಗೆ ಅವಮಾನ ಇಲ್ಲ. ವಾರಗಟ್ಟಲೆ ಶಾಲೆ ತಪ್ಪಿಸಿ ಬಂದ ಮಗುವೂ ತಾನು ಬಿಟ್ಟ ಕಾರ್ಡಿನಿಂದಲೇ ಮುಂದುವರಿಯಬಹುದು. ಗುಳೆಯ ಜಿಲ್ಲೆಗಳಿಗೆ ಇದಕ್ಕಿಂತ ಹೊಂದುವ ಕ್ರಮ ಯಾವುದಿದೆ? ನಲಿ-ಕಲಿಯಲ್ಲೂ ಕೊರತೆಗಳಿವೆ. ಬರವಣಿಗೆ ಸಾಲದು ಎಂಬ ದೂರು ಇದೆ, ಕಾರ್ಡ್ ಮುಗಿಸುವುದೇ ಗುರಿಯಾಗುವುದೂ ಇದೆ, ಮಕ್ಕಳ ಸಂಖ್ಯೆ ಜಾಸ್ತಿ ಇರುವ ಕಡೆ ನಡೆಸುವುದು ಕಷ್ಟ. ಆದರೂ ಶಿಕ್ಷಕರನ್ನು ನಂಬಿ ಕಟ್ಟಿದ ಒಂದು ಮೌಲ್ಯಮಾಪನ ಈ ನೆಲದಲ್ಲೇ ಹುಟ್ಟಿ ರಾಜ್ಯಕ್ಕೆಲ್ಲ ಹರಡಿತು. ಮೂರನೇ ತರಗತಿಗೆ ಅದು ನಿಂತುಬಿಡುತ್ತದೆ. ನಾಲ್ಕು, ಐದನೇ ತರಗತಿಗೆ ಅದನ್ನು ಹೇಗೆ ಬೆಳೆಸುವುದು ಎಂಬುದರ ಮೇಲೆ ಇಲಾಖೆ ತಲೆ ಕೆಡಿಸಿಕೊಂಡಿದ್ದರೆ ಎರಡು ವರ್ಷದ ಕೋರ್ಟು ಕಚೇರಿ ಓಡಾಟ ಬೇಕಿರಲಿಲ್ಲ.

ಎಸ್ಸೆಸ್ಸೆಲ್ಸಿಯನ್ನು ತೆಗೆಯಿರಿ ಎಂದು ನಾನು ಹೇಳುವುದಿಲ್ಲ. ಪಿಯು ಸೀಟು, ಡಿಪ್ಲೊಮಾ ಸೀಟು ಹಂಚಲು ಎಲ್ಲರಿಗೂ ಒಂದೇ ಅಳತೆಗೋಲು ಬೇಕು. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇಟ್ಟು ಒಳ್ಳೆಯ ಅಂಕವನ್ನು ಉಳಿಸಿಕೊಳ್ಳಲು ಬಿಟ್ಟಿದ್ದು ಒಳ್ಳೆಯ ಬದಲಾವಣೆ. ಒಂದು ದಿನದ ಜ್ವರಕ್ಕೆ ಒಂದು ವರ್ಷ ಹೋಗುವುದು ತಪ್ಪಿತು. ಆದರೆ ಅದಕ್ಕಿಂತ ಕೆಳಗಿನ ತರಗತಿಗಳಲ್ಲಿ ಹಂಚಬೇಕಾದ ಸೀಟು ಯಾವುದೂ ಇಲ್ಲ. ಅಲ್ಲಿ ಬೇಕಿರುವುದು ಎರಡೇ: ಶಿಕ್ಷಕರ ಕೈಯಲ್ಲಿ ಪ್ರತಿ ಮಗುವಿನ ನಿಜವಾದ ಸ್ಥಿತಿ, ಸರ್ಕಾರದ ಕೈಯಲ್ಲಿ ಮೂರು ವರ್ಷಕ್ಕೊಮ್ಮೆ ಒಂದು ನಂಬಬಹುದಾದ ಸ್ಯಾಂಪಲ್ ಸಮೀಕ್ಷೆ. ಮೊದಲನೆಯದು ಮೇಲೆ ಹೋಗಬಾರದು. ಎರಡನೆಯದರಲ್ಲಿ ಮಗುವಿನ ಹೆಸರು ಇರಬಾರದು.

ವಿಷಯ ಇನ್ನೂ ಮುಗಿದಿಲ್ಲ. 2024ರ ಅಕ್ಟೋಬರಿನಲ್ಲಿ ಅರ್ಧವಾರ್ಷಿಕ ಪರೀಕ್ಷೆಯನ್ನೂ ಬೋರ್ಡ್ ಮಟ್ಟದಲ್ಲಿ ನಡೆಸಲು ಹೊರಟಾಗ, ಮಕ್ಕಳಿಗೆ ಯಾಕೆ ಹೀಗೆ ತೊಂದರೆ ಕೊಡುತ್ತೀರಿ ಎಂಬ ಅರ್ಥದಲ್ಲಿ ಸುಪ್ರೀಂ ಕೋರ್ಟ್ ರಾಜ್ಯ ಸರ್ಕಾರವನ್ನು ಕೇಳಿ, ಅದರ ಫಲಿತಾಂಶಕ್ಕೂ ತಡೆ ಕೊಟ್ಟಿತು. ಕೋರ್ಟ್ ತಡೆದಿದೆ ಎಂಬ ಕಾರಣಕ್ಕೆ ನಿಂತ ಪರೀಕ್ಷೆ, ಸರಿಯಾದ ನಿಯಮ ಮಾಡಿಕೊಂಡು ಮತ್ತೆ ಬರಬಹುದು. ಹಾಗೆ ಬಂದರೆ ಅದನ್ನು ಎದುರಿಸಬೇಕಾದವರು ಪೋಷಕರು. 2023 ಮತ್ತು 2024ರಲ್ಲಿ ಕೋರ್ಟಿಗೆ ಹೋದವು ಖಾಸಗಿ ಶಾಲೆಗಳ ಸಂಘಟನೆಗಳು, ಅವರಿಗೆ ಅವರದೇ ಕಾರಣಗಳಿದ್ದವು. ಸರ್ಕಾರಿ ಶಾಲೆಯ ಮಕ್ಕಳ ಪರವಾಗಿ ಮಾತಾಡಲು ಪ್ರತಿ ಶಾಲೆಯಲ್ಲೂ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಇದೆ, ಅದರಲ್ಲಿ ಕೂರುವವರು ಆ ಮಕ್ಕಳ ಅಪ್ಪ ಅಮ್ಮಂದಿರೇ. ಮುಂದಿನ ಸಭೆಯಲ್ಲಿ ಶೇಕಡಾವಾರು ಎಷ್ಟು ಎಂದು ಕೇಳುವ ಬದಲು, ನಾಲ್ಕು ಮತ್ತು ಐದನೇ ತರಗತಿಯಲ್ಲಿ ಎಷ್ಟು ಮಕ್ಕಳಿಗೆ ಸರಾಗವಾಗಿ ಓದಲು ಬರುತ್ತದೆ, ಬರದವರಿಗೆ ಈ ತಿಂಗಳು ಏನು ಮಾಡುತ್ತಿದ್ದೀರಿ, ಅದಕ್ಕೆ ನಿಮಗೆ ಯಾವ ಕೆಲಸ ಅಡ್ಡ ಬರುತ್ತಿದೆ ಎಂದು ಹೆಡ್ ಮೇಡಂ ಅವರನ್ನು ಕೇಳಿ. ಮೂರನೇ ಪ್ರಶ್ನೆಗೆ ಬರುವ ಉತ್ತರವನ್ನು ಬರೆದು, ಸಭೆಯ ನಡಾವಳಿಯಲ್ಲಿ ಸೇರಿಸಿ, ಬಿಇಒ ಕಚೇರಿಗೆ ಕಳಿಸಿ.